ಮರ ಸಣ್ಣದು, ಅದಕ್ಕೆ ಬೇಕಾದ ಜಾಗ ದೊಡ್ಡದು

ನಮ್ಮ ಕಡೆಯ ಯಾವುದೇ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ನೋಡಿ. ಹೂವಿನಲ್ಲಿ ಕಟ್ಟಿದ ಆನೆ, ಕಲ್ಲಂಗಡಿಯಲ್ಲಿ ಕೆತ್ತಿದ ಮಹನೀಯರ ಮುಖ, ಸೆಲ್ಫಿಗೆ ಸಾಲು ನಿಂತ ಜನ ಇವನ್ನೆಲ್ಲ ದಾಟಿದರೆ ಒಂದು ಮೂಲೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಮೇಜು. ಅದರ ಮೇಲೆ ಕುಂಡಕ್ಕೆ ಕುಂಡ ತಾಗಿಸಿ ಇಟ್ಟ ಬೋನ್ಸಾಯ್‌ಗಳು. ಆಲದ ಕೊಂಬೆ ಅತ್ತಿಯೊಳಗೆ, ಅತ್ತಿಯ ಎಲೆ ಕಾಗದದ ಹೂವಿನೊಳಗೆ. ಪ್ರತಿಯೊಂದಕ್ಕೂ ಒಂದು ಚೀಟಿ, ಅದರಲ್ಲಿ ಹೆಸರು ಮತ್ತು ವಯಸ್ಸು. ನೋಡುವವರ ಪ್ರಶ್ನೆಯೂ ಎರಡೇ: ‘ಎಷ್ಟು ವರ್ಷದ್ದು?’ ‘ಎಷ್ಟಾಗುತ್ತೆ?’ ವರ್ಷಾನುಗಟ್ಟಲೆ ನೀರು ಹೊಯ್ದು, ಬೇರು ಸವರಿ, ತಂತಿ ಸುತ್ತಿ ಬಿಚ್ಚಿ ಸಾಕಿದವರ ಶ್ರಮ ಅಲ್ಲಿ ಸಂತೆಯ ಸೊಪ್ಪಿನ ಕಟ್ಟುಗಳ ಹಾಗೆ ಸಾಲಾಗಿ ಕೂತಿರುತ್ತದೆ.

ಬೆಳೆಸುವುದು ನಮ್ಮವರಿಗೆ ಬಂದಿದೆ, ಇಡುವುದು ಬಂದಿಲ್ಲ. ಚಿತ್ರದುರ್ಗ, ಹಿರಿಯೂರುಗಳ ತಾರಸಿಗಳಲ್ಲಿ ಒಳ್ಳೆಯ ಬಸರಿ, ಆಲ, ಹುಣಸೆ, ಅಡೇನಿಯಂಗಳನ್ನು ನೋಡಿದ್ದೇನೆ. ಎಲ್ಲವೂ ಸಿಂಟೆಕ್ಸ್ ಟ್ಯಾಂಕಿನ ಪಕ್ಕ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ. ನೆಂಟರು ಬಂದರೆ ಮೆಟ್ಟಿಲು ಹತ್ತಿಸಿ ತೋರಿಸುತ್ತಾರೆ. ಜಪಾನಿನಲ್ಲಿ ಇದು ತಿರುವುಮುರುವು. ಮರ ವರ್ಷವಿಡೀ ಹೊರಗೆ ಬಿಸಿಲು–ಮಳೆಯಲ್ಲೇ ಇರುತ್ತದೆ. ಅತಿಥಿ ಬರುವ ದಿನ ಒಂದೇ ಒಂದು ಮರ ಮನೆಯೊಳಗೆ ಬರುತ್ತದೆ. ಅದಕ್ಕೆಂದೇ ಜಾಗ, ಅದಕ್ಕೆಂದೇ ಪೀಠ, ಅದಕ್ಕೆ ಹೊಂದುವ ಚಿತ್ರ. ಎರಡು ಮೂರು ದಿನ ಕಳೆದ ಮೇಲೆ ಮತ್ತೆ ಹೊರಗೆ. ಹೀಗೆ ಇಡುವುದನ್ನು ಅವರು ಕಜಾರಿ ಎನ್ನುತ್ತಾರೆ. ಅದೂ ಗುರುವಿನ ಬಳಿ ಕಲಿಯುವ ವಿದ್ಯೆ.

ಆ ಜಾಗದ ಹೆಸರು ತೊಕೊನೊಮ. ಕೋಣೆಯ ಒಂದು ಬದಿಯಲ್ಲಿ ಗೋಡೆಯನ್ನು ಒಳಕ್ಕೆ ಸರಿಸಿ, ನೆಲವನ್ನು ತುಸು ಎತ್ತರಿಸಿ ಮಾಡಿದ ಅಂಕಣ. ಹದಿನೈದನೇ ಶತಮಾನದ ಹೊತ್ತಿಗೆ, ಕ್ಯೋಟೋದಲ್ಲಿ ಅಶಿಕಾಗ ಶೋಗುನ್‌ಗಳು ಆಳುತ್ತಿದ್ದ ಕಾಲದಲ್ಲಿ, ಇದು ಉಳ್ಳವರ ಬೈಠಕ್ ಕೋಣೆಗಳಲ್ಲಿ ರೂಪುಗೊಂಡಿತು. ಚೀನಾದಿಂದ ತಂದ ಚಿತ್ರಸುರುಳಿ, ಹೂದಾನಿ, ಧೂಪದಾನಿಗಳನ್ನು ಎಲ್ಲೆಲ್ಲಿ ಹೇಗೆ ಇಡಬೇಕೆಂದು ಆಗಲೇ ಕೈಪಿಡಿ ಬರೆದಿಟ್ಟರು. ತೊಕೊನೊಮದೊಳಗೆ ಯಾರೂ ಕಾಲಿಡುವುದಿಲ್ಲ. ಬಂದವರು ಅದರ ಮುಂದೆ ಮೊಣಕಾಲೂರಿ ಕೂತು, ತಲೆಬಾಗಿ, ಮೊದಲು ಚಿತ್ರ, ಆಮೇಲೆ ಮರ ಹೀಗೆ ನಿಧಾನವಾಗಿ ನೋಡುತ್ತಾರೆ. ವಯಸ್ಸು ಕೇಳುವುದಿಲ್ಲ. ಬೆಲೆಯಂತೂ ಕೇಳುವುದೇ ಇಲ್ಲ.

ಇಪ್ಪತ್ತನೇ ಶತಮಾನದಲ್ಲಿ ಬೋನ್ಸಾಯ್ ಮನೆಯಿಂದ ಸಭಾಂಗಣಕ್ಕೆ ಬಂತು. 1923ರ ಭೂಕಂಪದಲ್ಲಿ ಟೋಕಿಯೊ ಸುಟ್ಟುಹೋದ ಮೇಲೆ ಅಲ್ಲಿನ ಬೋನ್ಸಾಯ್ ಕಸುಬಿನ ಕೆಲವು ಕುಟುಂಬಗಳು ಒಳ್ಳೆಯ ನೀರು, ಗಾಳಿ ಹುಡುಕಿಕೊಂಡು ಉತ್ತರಕ್ಕಿರುವ ಒಮಿಯಾಕ್ಕೆ ಹೋಗಿ 1925ರಲ್ಲಿ ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿದವು. ಅಲ್ಲಿ ಮನೆ ಮಾಡಬೇಕಾದರೆ ಕರಾರುಗಳಿದ್ದವು: ಕನಿಷ್ಠ ಹತ್ತು ಬೋನ್ಸಾಯ್ ಇರಬೇಕು, ತೋಟವನ್ನು ಯಾರು ಬಂದರೂ ನೋಡಲು ಬಿಡಬೇಕು, ಕಾಂಪೌಂಡಿನ ಬದಲು ಜೀವಂತ ಬೇಲಿ ಇರಬೇಕು, ಎರಡಂತಸ್ತಿನ ಮನೆ ಕಟ್ಟಕೂಡದು. ಕೊನೆಯ ಕರಾರು ನನಗೆ ಬಹಳ ಹಿಡಿಸಿತು. ಪಕ್ಕದ ಮನೆಯ ಮರಕ್ಕೆ ನೆರಳು ಬೀಳಬಾರದೆಂದು ತನ್ನ ಮಹಡಿಯನ್ನೇ ಬಿಟ್ಟುಕೊಡುವ ನೆರೆಹೊರೆ ನಮ್ಮ ಬಡಾವಣೆಗಳಲ್ಲಿ ಸಿಕ್ಕೀತೇ? ಒಮಿಯಾದಲ್ಲಿ 2010ರಿಂದ ಒಂದು ಬೋನ್ಸಾಯ್ ವಸ್ತುಸಂಗ್ರಹಾಲಯವೂ ಇದೆ. 1934ರಲ್ಲಿ ಟೋಕಿಯೊದ ಉಯೆನೊ ಕಲಾಸಂಗ್ರಹಾಲಯದಲ್ಲಿ ಶುರುವಾದ ಕೊಕುಫು ಪ್ರದರ್ಶನ ಈಗಲೂ ಪ್ರತಿವರ್ಷ ಫೆಬ್ರುವರಿ ಹೊತ್ತಿಗೆ ನಡೆಯುತ್ತದೆ. ಎಲೆ ಉದುರಿ ಕೊಂಬೆಗಳ ಹೆಣಿಗೆ ಬರಿಗಣ್ಣಿಗೆ ಕಾಣುವ ಕಾಲವದು. ಇನ್ನು ಮನೆಯೊಳಗಿನ ಕಜಾರಿಯನ್ನೇ ಒಂದು ಸಾಧನೆಯ ಮಾರ್ಗವಾಗಿ ರೂಪಿಸಿದವರು ಕತಯಾಮ ಇಚಿಯು. ಅವರು ಕಟ್ಟಿದ ಪಂಥಕ್ಕೆ ಕೇಯ್‌ಡೋ ಎಂದು ಹೆಸರು. ಅವರ ನಂತರ ಸುದೋ ಉಹಾಕು ಅದನ್ನು ಮುಂದುವರಿಸಿದರು.

ಈ ವಿದ್ಯೆಯ ವ್ಯಾಕರಣ ಕೇಳಲು ಸುಲಭ. ಜಾಗದಲ್ಲಿ ಇರುವುದು ಮೂರೇ ವಸ್ತು: ಮರ, ಅದಕ್ಕಿಂತ ಬಹಳ ಸಣ್ಣದಾದ ಒಂದು ಜೊತೆಗಿಡ, ಹಿಂದಿನ ಗೋಡೆಗೆ ತೂಗುಬಿಟ್ಟ ಚಿತ್ರ ಅಥವಾ ಬರಹ. ಮೂರೂ ಸೇರಿ ಒಂದು ಓರೆ ತ್ರಿಕೋನ. ಯಾವುದೂ ಸರಿಯಾಗಿ ನಡುವಿನಲ್ಲಿ ಇರಕೂಡದು. ಮರ ಬಲಕ್ಕೆ ವಾಲಿದ್ದರೆ ಅದನ್ನು ಎಡಕ್ಕೆ ಸರಿಸಿ, ವಾಲಿದ ಕಡೆಗೆ ಖಾಲಿ ಜಾಗ ಬಿಡುತ್ತಾರೆ. ಜೊತೆಗಿಡ ಆ ಖಾಲಿಯ ಇನ್ನೊಂದು ತುದಿಯಲ್ಲಿ, ನೆಲಕ್ಕೆ ಹತ್ತಿರ. ನೋಡುವವನ ಕಣ್ಣು ಕಾಂಡದಿಂದ ಹೊರಟು ಕೊಂಬೆಯ ತುದಿಗೆ ಜಾರಿ, ಖಾಲಿಯನ್ನು ದಾಟಿ, ಸಣ್ಣ ಗಿಡದ ಬಳಿ ಒಂದು ಕ್ಷಣ ನಿಂತು ಮರಳಬೇಕು.

ಕಷ್ಟ ಶುರುವಾಗುವುದು ‘ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಡ’ ಎಂಬ ನಿಯಮದಿಂದ. ಮರದಲ್ಲಿ ಹೂವಿದ್ದರೆ ಚಿತ್ರದಲ್ಲಿ ಹೂವು ಬೇಡ. ದೇವದಾರು ಜಾತಿಯ ಮರವಿದ್ದರೆ ಚಿತ್ರದಲ್ಲಿ ಬೆಟ್ಟದ ಮರ ಬೇಡ. ಬೆಟ್ಟದಂತಹ ಕಲ್ಲಿಟ್ಟ ಮೇಲೆ ಬೆಟ್ಟದ ಚಿತ್ರ ಬೇಡ. ಮರ ಬೆಟ್ಟವನ್ನು ಹೇಳಿತು ಅನ್ನಿ, ಚಿತ್ರ ಹೊತ್ತನ್ನು ಹೇಳಲಿ, ಒಂದು ಅರ್ಧಚಂದ್ರ ಸಾಕು. ಜೊತೆಗಿಡ ಋತುವನ್ನು ಹೇಳಲಿ. ಪೀಠಕ್ಕೂ ಲೆಕ್ಕವಿದೆ. ಕಾಂಡ ದಪ್ಪಗಿದ್ದು ಗಂಭೀರವಾಗಿರುವ ಮರಕ್ಕೆ ಕಪ್ಪು ಬಣ್ಣದ ಭಾರದ ಪೀಠ, ಎಲೆ ಉದುರುವ ನಾಜೂಕಿನ ಮರಕ್ಕೆ ತೆಳುಗಾಲಿನದ್ದು, ಬಂಡೆಯಂಚಿನಿಂದ ಕೆಳಕ್ಕೆ ಇಳಿಬಿದ್ದಂತೆ ಬೆಳೆಸಿದ ಮರಕ್ಕೆ ಎತ್ತರದ್ದು, ಒಂದೇ ಕುಂಡದಲ್ಲಿ ಕಾಡಿನಂತೆ ನೆಟ್ಟ ಗುಂಪಿಗೆ ಬರೀ ಚಪ್ಪಟೆ ಹಲಗೆ.

ಇದೆಲ್ಲ ದುರ್ಗದ ಸೀಮೆಗೆ ಹೊಂದೀತೇ? ನನ್ನ ಮಟ್ಟಿಗೆ, ಕರ್ನಾಟಕದಲ್ಲಿ ಇದಕ್ಕೆ ಹೊಂದುವ ಜಿಲ್ಲೆ ಇದ್ದರೆ ಇದೇ. ಕೋಟೆ ಹತ್ತುವಾಗ ಜನ ಒನಕೆ ಓಬವ್ವನ ಕಿಂಡಿ ಎಲ್ಲಿ, ಅಕ್ಕತಂಗಿ ಹೊಂಡ ಎಲ್ಲಿ ಎಂದು ಕೇಳಿಕೊಂಡು ನಡೆಯುತ್ತಾರೆ. ಸ್ವಲ್ಪ ತಲೆಯೆತ್ತಿ ಬಂಡೆಗಳ ಬಿರುಕು ನೋಡಬೇಕು. ಹಿಡಿಮಣ್ಣೂ ಇಲ್ಲದ ಸಂದಿಯಲ್ಲಿ ಬಸರಿಯೋ ಅರಳಿಯೋ ಬೇರನ್ನು ಬಂಡೆಯ ಮೇಲೆ ಮೇಣದಂತೆ ಇಳಿಬಿಟ್ಟು ಕೂತಿರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಮುಟ್ಟುವುದೇ ಕಷ್ಟವಾದ ಊರಲ್ಲಿ, ಬೇಸಿಗೆಯಲ್ಲಿ ಕಾದು ಕೆಂಡವಾಗುವ ಕಲ್ಲಿನ ಮೇಲೆ, ಆ ಮರ ಎತ್ತರಕ್ಕೆ ಹೋಗುವ ಆಸೆಯನ್ನೇ ಬಿಟ್ಟು ದಪ್ಪವಾಗಿದೆ. ಜೋಗಿಮಟ್ಟಿ ಕಡೆಯಲ್ಲಿ, ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಅದೇ ಆಷಾಢದ ಗಾಳಿಗೆ ಸಿಕ್ಕ ಗುಡ್ಡದಂಚಿನ ಗಿಡಗಳು ಒಂದೇ ಕಡೆಗೆ ಬಾಗಿ ಬೆಳೆದಿರುತ್ತವೆ. ಜಪಾನಿನ ತಂತಿ, ಕತ್ತರಿಗಳು ವರ್ಷಗಟ್ಟಲೆ ದುಡಿದು ತರುವ ಆಕಾರ ಅದು. ಮರವನ್ನು ಹಿಂಸಿಸುವ ಕಲೆ ಎಂದು ಬೋನ್ಸಾಯ್ ಬಗ್ಗೆ ದೂರುವವರು ಒಮ್ಮೆ ಬೆದ್ದಲು ಹೊಲದ ಬದುವಿನಲ್ಲಿ ಆಡುಗಳು ಕಚ್ಚಿ ಕಚ್ಚಿ ಮೊಣಕಾಲೆತ್ತರದಲ್ಲೇ ಉಳಿದ ಎಲಚಿ ಗಿಡ ನೋಡಿದರೆ ವಾದವನ್ನು ಸ್ವಲ್ಪ ಸಡಿಲಿಸಬಹುದು.

ಹಾಗೆಂದು ಗುದ್ದಲಿ ಹಿಡಿದು ಬೆಟ್ಟಕ್ಕೆ ಹೊರಡಬೇಡಿ. ಜೋಗಿಮಟ್ಟಿ ಸಂರಕ್ಷಿತ ಅರಣ್ಯ, ಕೋಟೆ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಎರಡೂ ಕಡೆ ಗಿಡವಿರಲಿ, ಕಲ್ಲು ಕೀಳುವುದೂ ಅಪರಾಧ. ಹಾಗೆ ಕಿತ್ತದ್ದು ಬದುಕುವುದೂ ಅಪರೂಪ. ಊರೊಳಗೇ ಬೇಕಾದಷ್ಟಿದೆ. ಹಳೆಯ ಮನೆ ಕೆಡವುವ ಕಡೆ ಗೋಡೆಯ ಸಂದಿಯಲ್ಲಿ, ಮೋರಿಯ ಕಲ್ಲಿನಲ್ಲಿ, ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಹಕ್ಕಿಗಳು ಹಾಕಿದ ಬಸರಿ, ಅರಳಿಗಳು ವರ್ಷಗಟ್ಟಲೆ ಬೆಳೆದು, ಸುಣ್ಣ ಹೊಡೆಯುವವರ ಕೈಲಿ ಮತ್ತೆ ಮತ್ತೆ ಕತ್ತರಿಸಿಕೊಂಡು ಒಳ್ಳೆಯ ಬುಡ ಕಟ್ಟಿಕೊಂಡಿರುತ್ತವೆ. ಮನೆಯವರನ್ನು ಕೇಳಿದರೆ ‘ತಗೊಂಡ್ ಹೋಗಿ ಪುಣ್ಯ ಕಟ್ಕಳ್ಳಿ’ ಎನ್ನುತ್ತಾರೆ. ಅರಳಿಯನ್ನು ಕಡಿಯಲು ಅವರಿಗೂ ಭಯ.

ಇಡುವುದಕ್ಕೆ ಬೇಕಾದ ಸಾಮಾನನ್ನೂ ಆಮದು ಮಾಡಿಕೊಳ್ಳಬೇಕಿಲ್ಲ. ಅಟ್ಟದ ಮೇಲೆ ದೂಳು ಹಿಡಿದಿರುವ ಹಳೆಯ ಊಟದ ಮಣೆ ಬೋನ್ಸಾಯ್ ಪೀಠವಾಗಲು ಹೇಳಿ ಮಾಡಿಸಿದ ವಸ್ತು. ಬೀಟೆಯದೋ ಹಲಸಿನದೋ ಆಗಿದ್ದರೆ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಹಿನ್ನೆಲೆಗೆ ಚಳ್ಳಕೆರೆ ಸೀಮೆಯ ಕರಿಕಂಬಳಿ. ಹಟ್ಟಿಗಳಲ್ಲಿ ಇಂದಿಗೂ ಕಂಬಳಿ ಹಾಸಿ ಗದ್ದಿಗೆ ಮಾಡಿ ದೇವರನ್ನು ಕೂರಿಸುತ್ತಾರೆ. ಆ ಕಪ್ಪಿನ ಮುಂದೆ ಬಸರಿಯ ಬೂದು ತೊಗಟೆ ಎದ್ದು ಕಾಣುವಷ್ಟು ಬಿಳಿಗೋಡೆಯ ಮುಂದೆ ಕಾಣುವುದಿಲ್ಲ. ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡುವ ಗೂಡು ಇದ್ದರೆ ಗೇಣುದ್ದದ ಮರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಹೊಸ ಮನೆಯವರು ಸೋಫಾದ ಎದುರು ಟಿ.ವಿ. ಇರುವ ಗೋಡೆಯ ಬಗ್ಗೆ ಒಮ್ಮೆ ಯೋಚಿಸಬಹುದು. ಜಗಳವಾದರೆ ನಾನು ಹೊಣೆಯಲ್ಲ.

ಋತುವಿನ ವಿಷಯಕ್ಕೆ ಬಂದರೆ ನಾವು ಯಾರಿಗೂ ಕಡಿಮೆಯಿಲ್ಲ. ಜಪಾನಿನ ಹಳೆಯ ಪಂಚಾಂಗ ವರ್ಷವನ್ನು ಐದೈದು ದಿನಗಳ 72 ಕಿರುಋತುಗಳಾಗಿ ಒಡೆದಿದೆ, ಕಜಾರಿ ಕಲಿಯುವವರು ಅದನ್ನು ಗಮನದಲ್ಲಿಟ್ಟುಕೊಂಡೇ ಜೊತೆಗಿಡ ಆರಿಸುತ್ತಾರೆ. ನಮ್ಮ ರೈತರಿಗೆ 27 ನಕ್ಷತ್ರಗಳಿವೆ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ರೋಹಿಣಿ, ಆರಿದ್ರಾ, ಮಘೆ, ಹುಬ್ಬೆ, ಚಿತ್ತೆ, ಸ್ವಾತಿ ಎಂದರೆ ಹಳ್ಳಿಯವರಿಗೆ ಮಳೆಯ ಹದವೂ ಹೊಲದ ಕೆಲಸವೂ ಒಟ್ಟಿಗೇ ಕಣ್ಣ ಮುಂದೆ ಬರುತ್ತವೆ. ಮುಂಗಾರಿನ ಮೊದಲ ಹನಿಗೆ ಚಿಗುರಿದ ಗರಿಕೆಯ ಒಂದು ಹೆಂಟೆ, ಮಳೆ ನಿಂತ ಮೇಲೆ ವಿಷ್ಣುಕ್ರಾಂತಿಯ ನೀಲಿ, ಶೇಂಗಾ ಕೀಳುವ ಹೊತ್ತಿಗೆ ಅಣ್ಣೆ ಸೊಪ್ಪಿನ ಗುಲಾಬಿ ತೆನೆ, ಚಳಿಗೆ ತುಂಬೆ. ಇವನ್ನು ಅಂಗೈಯಗಲದ ಮಣ್ಣಿನ ತಟ್ಟೆಯಲ್ಲಿ ನೆಟ್ಟರೆ ಜೊತೆಗಿಡ ಸಿದ್ಧ. ಖರ್ಚು ಸೊನ್ನೆ. ಕಳೆ ಕೀಳುವವರ ಜೊತೆ ಹೊಲದಲ್ಲಿ ಒಂದು ಗಂಟೆ ನಿಲ್ಲುವ ವ್ಯವಧಾನ ಬೇಕು, ಅಷ್ಟೇ. ಗೋಡೆಗೆ ಜಪಾನಿ ಅಕ್ಷರದ ಸುರುಳಿಯನ್ನು ಆನ್‌ಲೈನಿನಲ್ಲಿ ತರಿಸಬೇಡಿ. ಕೈಬರಹ ಚೆನ್ನಾಗಿರುವವರಿಂದ ಕುಂಚದಲ್ಲಿ ‘ಸ್ವಾತಿ’ ಎಂದು ಬರೆಸಿ ತೂಗುಹಾಕಿ. ಕೋಟೆಯ ಬುರುಜಿನ ಫೋಟೊ ಮಾತ್ರ ಬೇಡ. ಬಂಡೆ ಕಚ್ಚಿದ ಬಸರಿ ಈಗಾಗಲೇ ಕೋಟೆಯನ್ನು ಹೇಳಿದೆ.

ಕಲ್ಲಿನ ಮಾತನ್ನು ಬಿಟ್ಟು ದುರ್ಗದ ಬಗ್ಗೆ ಏನನ್ನೂ ಮುಗಿಸಲಾಗದು. ಮರದ ಬದಲು, ಅಥವಾ ಮರದ ಜೊತೆಗೆ, ಕಲ್ಲನ್ನೇ ಇಟ್ಟು ನೋಡುವ ಕಲೆಯೂ ಜಪಾನಿನಲ್ಲಿದೆ. ಅದಕ್ಕೆ ಸುಯಿಸೆಕಿ ಎನ್ನುತ್ತಾರೆ. ಕೈಯಲ್ಲಿ ಎತ್ತಬಹುದಾದ ಕಲ್ಲು ದೂರದ ಬೆಟ್ಟವಾಗಿಯೋ ದ್ವೀಪವಾಗಿಯೋ ಕಾಣಬೇಕು. ಉಳಿ ಮುಟ್ಟಿಸಬಾರದು. ಕಲ್ಲಿನ ಬುಡದ ಏರುತಗ್ಗಿಗೆ ಸರಿಯಾಗಿ ಕೆತ್ತಿದ ಮರದ ಅಡಿಯಲ್ಲೋ, ಮರಳು ತುಂಬಿದ ಆಳವಿಲ್ಲದ ತಟ್ಟೆಯಲ್ಲೋ ಕೂರಿಸುತ್ತಾರೆ. ಕಪ್ಪು ಕಲ್ಲಿನ ಮೈಮೇಲೆ ಮೇಲಿಂದ ಕೆಳಗೆ ಬಿಳಿ ಬೆಣಚುಕಲ್ಲಿನ ಗೆರೆ ಇಳಿದಿದ್ದರೆ ಅದು ಜಲಪಾತ, ಅಂಥದ್ದಕ್ಕೆ ಬಹಳ ಬೆಲೆ. ನಮ್ಮ ಹೊಲಗಳಲ್ಲಿ ಬದುವಿಗೆ ಪೇರಿಸಿಟ್ಟ ಕಲ್ಲುಗಳ ನಡುವೆ ಇಂಥವು ಎಷ್ಟಿಲ್ಲ! ಅಂಥ ಒಂದನ್ನು ಮರಳಿನ ತಟ್ಟೆಯಲ್ಲಿಟ್ಟು ಹಿರಿಯೂರಿನವರ ಮುಂದೆ ಇಟ್ಟರೆ ‘ಮಾರಿಕಣಿವೆ ಕೋಡಿ’ ಎನ್ನದೆ ಇರಲಾರರು. ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಆ ನೀರು ನೋಡಲು ಬಸ್ಸು, ಟ್ರ್ಯಾಕ್ಟರುಗಳಲ್ಲಿ ಬಂದ ಜನಕ್ಕೆ ಜಲಪಾತದ ಚಿತ್ರವನ್ನು ಬಿಡಿಸಿ ತೋರಿಸಬೇಕಿಲ್ಲ. ಬಿಳಿ ಗೆರೆಯೇ ಸಾಕು. ಕಜಾರಿ ಕೆಲಸ ಮಾಡುವುದೇ ಹೀಗೆ. ಇಡುವವನಿಗೂ ನೋಡುವವನಿಗೂ ನೆನಪು ಒಂದೇ ಆಗಿದ್ದರೆ ಅರ್ಧ ಹೇಳಿದರೂ ಪೂರ್ತಿ ತಲುಪುತ್ತದೆ. ಜಪಾನಿನ ಕೋಗಿಲೆ, ಜಪಾನಿನ ಚಂದ್ರನನ್ನು ಇಲ್ಲಿ ತಂದು ತೂಗುಹಾಕಿದರೆ ಆ ಅರ್ಧವೂ ತಲುಪದು.

ಕಲ್ಲು ಹುಡುಕುವವರು ಮರಡಿಹಳ್ಳಿಗೆ ಹೋಗಬೇಕು, ನೋಡಲು ಮಾತ್ರ. ಐಮಂಗಲ ಕಡೆಯ ಈ ಊರಿನ ಬಳಿ ಕಲ್ಲುಗಳು ದಿಂಬುಗಳನ್ನು ಒಟ್ಟಿದ ಹಾಗೆ ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆದ ಉಂಡೆಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಒಂದು ಚೂರನ್ನೂ ಜೇಬಿಗಿಳಿಸುವಂತಿಲ್ಲ. ಕಲ್ಲನ್ನು ನೋಡುವ ಕಣ್ಣು ಪಳಗಲು ಅದಕ್ಕಿಂತ ದೊಡ್ಡ ಶಾಲೆ ಇಲ್ಲ.

ಜಪಾನಿಗರ ಜೊತೆ ನನಗೆ ಒಂದು ತಕರಾರಿದೆ. ಅವರ ಮರಕ್ಕೆ ಮುಖ ಒಂದೇ. ಕುಂಡಕ್ಕೆ ನೆಡುವಾಗಲೇ ಮುಂದು–ಹಿಂದು ಗೊತ್ತುಮಾಡಿ, ತೊಕೊನೊಮದಲ್ಲಿ ಮುಂದನ್ನು ಮಾತ್ರ ತೋರಿಸುತ್ತಾರೆ. ನಮಗೆ ಮರ ಎಂದರೆ ಕಟ್ಟೆಯ ಮೇಲಿರುವುದು. ಅರಳಿ, ಬೇವುಗಳಿಗೆ ಮದುವೆ ಮಾಡಿ, ಕಲ್ಲಿನ ಕಟ್ಟೆ ಕಟ್ಟಿ, ಸುತ್ತ ಪ್ರದಕ್ಷಿಣೆ ಬರುತ್ತೇವೆ. ಕಟ್ಟೆಮರಕ್ಕೆ ಬೆನ್ನೆಂಬುದಿಲ್ಲ. ಹೊಳಲ್ಕೆರೆಯ ಬಯಲು ಗಣಪತಿಯನ್ನೇ ನೋಡಿ, ಮೇಲೆ ಚಾವಣಿಯಿಲ್ಲ, ಹಿಂದೆ ಹೋಗಿ ನೋಡಿದರೆ ಜಡೆ! ಮುಂದಿನಿಂದ ಕೈಮುಗಿದು ಹೊರಟವರಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಅಂಗಳವಿರುವ ಮನೆಯವರು ಒಂದು ಪ್ರಯೋಗ ಮಾಡಬಹುದು. ಕಂಬಳಿ, ಗೋಡೆ ಏನೂ ಬೇಡ, ಅಂಗಳದ ನಡುವೆ ಒಂದು ಮೊಳದೆತ್ತರದ ಕಲ್ಲಿನ ಮೇಲೆ ಮರವಿಟ್ಟು, ಸುತ್ತ ನಡೆಯಲು ಜಾಗ ಬಿಡಿ. ಕಜಾರಿಯ ಗುರುಗಳು ಒಪ್ಪಲಾರರು. ನಮ್ಮ ಅಜ್ಜಿಯರು ಒಪ್ಪುತ್ತಾರೆ.

ಒಂದು ಬಸರಿಯನ್ನು ಒಳಗೆ ತರುವ ಹಿಂದಿನ ದಿನದ ಕೆಲಸ ಹೀಗಿರುತ್ತದೆ. ಮೊದಲು ಉಳಿದ ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯುವುದು. ಸುತ್ತು ಬಿಚ್ಚಲು ಹೋದರೆ ಕಡ್ಡಿ ಮುರಿಯುತ್ತದೆ. ಒಣಕಡ್ಡಿ, ಹಳದಿ ಎಲೆ ಆರಿಸಿ, ಹಸಿಬಟ್ಟೆಯಿಂದ ಎಲೆಗಳ ದೂಳು ಒರೆಸುವುದು. ಕಾಂಡದ ಮೇಲಿನ ಹಸಿರು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಬೇರಿನ ಕಡೆಯಿಂದ ಮೇಲಕ್ಕೆ, ಮೆಲ್ಲಗೆ ತಿಕ್ಕುವುದು. ಆಮೇಲೆ ಕುಂಡ. ನಮ್ಮ ಬೋರ್‌ವೆಲ್ ನೀರಿನ ಗಡಸುತನಕ್ಕೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪಟ್ಟಿ ಕಟ್ಟಿರುತ್ತದೆ. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣೇ ಇದಕ್ಕೂ ಮದ್ದು. ತೊಳೆದು ಒಣಗಿದ ಮೇಲೆ ಒಂದೇ ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ತಾಗಿಸಿ ಕುಂಡದ ಮೈ ಒರೆಸಬೇಕು. ಹೆಚ್ಚಾದರೆ ಮದುವೆಮನೆಯ ಪಾತ್ರೆಯಂತೆ ಹೊಳೆದು ಕೆಡುತ್ತದೆ. ಮಣ್ಣಿನ ಮೇಲೆ ಹೊದಿಸಲು ಪಾಚಿ ಬೇಕು. ಸಂಪಿನ ಅಂಚಿನಲ್ಲೋ ಬಡಗುಮುಖದ ಕಾಂಪೌಂಡಿನಲ್ಲೋ ಕರಣೆಯಿಂದ ತೆಳುವಾಗಿ ಎಬ್ಬಿಸಿದ ಚೂರುಗಳನ್ನು, ಅಂಚುಗಳನ್ನು ಮಣ್ಣಿನೊಳಗೆ ಒತ್ತಿ, ನಡುನಡುವೆ ಮಣ್ಣು ಕಾಣುವಂತೆ ಕೂರಿಸಬೇಕು. ಪೂರ್ತಿ ಮುಚ್ಚಿದರೆ ಹಸಿರು ಜಮಖಾನೆ ಹಾಸಿದಂತಾಗುತ್ತದೆ. ನೀರನ್ನು ಹಿಂದಿನ ಸಂಜೆಯೇ ಹೊಯ್ದು ಸೋರಲು ಬಿಟ್ಟರೆ ಮಣೆಯ ಮೇಲೆ ಕಲೆಯಾಗುವುದಿಲ್ಲ. ಕೊನೆಗೆ, ನೋಡುವವರು ಕೂರುವ ಜಾಗದಲ್ಲಿ ನೀವೇ ಕೂತು, ಮರವನ್ನು ಬೆರಳಗಲ ಬೆರಳಗಲ ಸರಿಸುವುದು. ಜಾಸ್ತಿ ಹೊತ್ತು ಹಿಡಿಯುವ ಕೆಲಸ ಇದೇ.

ಕಲಿಯಲು ಹತ್ತಿರದಲ್ಲೇ ಜಾಗಗಳಿವೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ನೂರಾರು ಮರಗಳನ್ನು ನೋಡಬಹುದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಸಂದರ್ಭದಲ್ಲಿ ಬೋನ್ಸಾಯ್ ಜೊತೆಗೆ ಇಕೆಬಾನ, ಅಂದರೆ ಜಪಾನೀ ಹೂಜೋಡಣೆಯ ಸ್ಪರ್ಧೆಯೂ ನಡೆಯುತ್ತದೆ. ಬೋನ್ಸಾಯ್ ಬೆಳೆಸುವವರು ಆ ದಿನ ಇಕೆಬಾನ ಮೇಜುಗಳ ಮುಂದೆಯೇ ಹೆಚ್ಚು ಹೊತ್ತು ನಿಲ್ಲಲಿ ಎನ್ನುವುದು ನನ್ನ ಸಲಹೆ. ಖಾಲಿ ಬಿಡುವುದು ಹೇಗೆಂದು ಅಲ್ಲಿ ಬೇಗ ಅರ್ಥವಾಗುತ್ತದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ತೋಟಗಾರಿಕೆ ಕಾಲೇಜೇ ಇದೆ. ಅಲ್ಲಿನ ಹುಡುಗ ಹುಡುಗಿಯರು ಮನಸ್ಸು ಮಾಡಿದರೆ ಮುಂದಿನ ಪ್ರದರ್ಶನದಲ್ಲಿ ಆ ಉದ್ದನೆಯ ಮೇಜನ್ನು ತೆಗೆಸಿ, ಐದೇ ಮರಗಳನ್ನು ಐದು ಕಂಬಳಿಗಳ ಮುಂದೆ, ಚೀಟಿಯಿಲ್ಲದೆ ಇಡಿಸಬಹುದು. ‘ಉಳಿದವರ ಮರ ಯಾಕೆ ಇಟ್ಟಿಲ್ಲ’ ಎಂಬ ಜಗಳ ಖಂಡಿತ ಬರುತ್ತದೆ. ದಿನಕ್ಕೆ ಐದರಂತೆ ಸರದಿ ಹಾಕಿದರೆ ಆಯಿತು.

ಶುರುಮಾಡಲು ಒಳ್ಳೆಯ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗೆ. ಬಸರಿ ಎಲೆ ಉದುರಿಸಿ ಬೋಳಾಗಿ, ಕೆಲವೇ ದಿನಗಳಲ್ಲಿ ತಾಮ್ರಬಣ್ಣದ ಚಿಗುರು ಬಿಡುತ್ತದೆ. ಬೋಳು ಕೊಂಬೆಯ ದಿನ ಒಮ್ಮೆ, ಚಿಗುರಿದ ದಿನ ಇನ್ನೊಮ್ಮೆ ಒಳಗೆ ತನ್ನಿ. ಮೂರನೇ ದಿನಕ್ಕೆ ಮತ್ತೆ ತಾರಸಿಗೆ ಹೊರಡಿಸಿ, ಹೆಚ್ಚು ದಿನ ಒಳಗಿಟ್ಟರೆ ಬಿಸಿಲಿಲ್ಲದೆ ಎಲೆ ಉದುರಿಸಿಬಿಡುತ್ತದೆ. ಆಮೇಲೆ ಆ ಜಾಗವನ್ನು ಮುಂದಿನ ಮರ ಬರುವವರೆಗೆ ಖಾಲಿ ಉಳಿಸಿಕೊಳ್ಳಬೇಕು. ಮೊಬೈಲ್ ಚಾರ್ಜರ್, ಗಾಡಿಯ ಕೀಲಿ, ಕರೆಂಟ್ ಬಿಲ್ಲುಗಳು ಅಲ್ಲಿ ಬಂದು ಕೂರದಂತೆ ಕಾಯುವುದು ಬೇರು ಸವರುವುದಕ್ಕಿಂತ ಕಷ್ಟದ ಕೆಲಸ.